ವಾರಿಜ ದೈವದ ಕಲ್ಲು ಮುಟ್ಟಿದ ದಿನ

ನನ್ನ ಮಗಳು ವಾರಿಜ ದಡ್ಡಿಯಲ್ಲ, ಮೈಗಳ್ಳಿಯೂ ಅಲ್ಲ. ಸುಳ್ಳು ಹೇಳಿದ್ದು ನಾನು. ಅವಳು ಇದನ್ನು ಓದಲಾರಳು. ಅದಕ್ಕೇ ನನಗೆ ಬರೆಯುವ ಧೈರ್ಯ ಬಂತೋ ಏನೋ — ಈಗ ನನ್ನ ಮೇಲೆ ನನಗೇ ಸಂಶಯ.

ಐವತ್ತರ ದಶಕದ ಮಾತು. ವೇಣೂರಿನ ಈಚೆ ನಮ್ಮ ಮನೆ. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆದರೂ ಅಕ್ಷರ ಕೂಡಿಸಿ ಓದುತ್ತಿದ್ದೆ. ವಾರಿಜ ಪಾಠವನ್ನೆಲ್ಲ ಗಡಗಡ ಹೇಳುತ್ತಿದ್ದಳು. ನಾನು ಮೆಲ್ಲಗೆ ಪುಟ ಮಗುಚಿದರೂ ಅವಳ ಬಾಯಲ್ಲಿ ಹಿಂದಿನ ಪಾಠವೇ. ಒಂದು ಅಕ್ಷರದ ಮೇಲೆ ಬೆರಳಿಟ್ಟು ಇದು ಯಾವುದು ಎಂದರೆ ಬೆವರುತ್ತಿದ್ದಳು. ನಾಟಕ ಎಂದುಕೊಂಡೆ. ಇಷ್ಟು ನೆನಪಿರುವವಳಿಗೆ ಅಕ್ಷರ ಬಾರದೆಂದರೆ — ಬಾಸುಂಡೆ ಬರುವಂತೆ ಹೊಡೆದೆ.

ಅವಳ ಟೀಚರ್ ಮನೆಗೇ ಬಂದರು. "ಹುಡುಗಿಯ ತಲೆ ಚುರುಕು ಉಂಟು. ಅಕ್ಷರ ಕಂಡಾಗ ಮಾತ್ರ ತಡವರಿಸ್ತಾಳೆ. ಶಾಲೆ ಬಿಟ್ಟ ಮೇಲೆ ನನ್ನಲ್ಲಿಗೆ ಕಳಿಸಿ, ಮರಳಲ್ಲಿ ತಿದ್ದಿಸಿ ನೋಡುವ. ಸಣ್ಣದಿರುವಾಗ ಹಿಡಿದರೆ ಆಗ್ತದೆ."

ಪುಕ್ಕಟೆ ಕಲಿಸುವವರನ್ನು ನಾನು ನಂಬುವುದಿಲ್ಲ. "ಪಾತ್ರೆ ತೊಳೆಯಲಿಕ್ಕೆ ಜನ ಸಿಗಲಿಲ್ಲವಾ ಟೀಚರ್?" ಎಂದೆ.

ಅವರು ನಕ್ಕರು. "ಪಾತ್ರೆ ನಾನೇ ತೊಳೀತೇನೆ ಮಾರಾಯ್ರೆ, ನೀವು ಮಗಳನ್ನು ಕಳಿಸಿ."

ಅಕ್ಷರದಲ್ಲಿ ಹೀಗೆ ತಡವರಿಸುವುದಕ್ಕೆ ಡಿಸ್ಲೆಕ್ಸಿಯಾ ಎಂಬ ಹೆಸರು ಉಂಟೆಂದು ನಾನು ಕೇಳಿದ್ದು ಮೊನ್ನೆ ಮೊನ್ನೆ, ತೊಂಬತ್ತು ಹತ್ತಿರವಾದ ಮೇಲೆ, ವಾರಿಜನ ಮೊಮ್ಮಗಳಿಂದಾಗಿ. ಅವಳಿಗೂ ಅದೇ ಉಂಟೆಂದು ಒಂದನೇ ಕ್ಲಾಸಿನಲ್ಲೇ ಗೊತ್ತಾಯಿತು, ಬೇರೆ ರೀತಿಯಲ್ಲಿ ಕಲಿಸಿದರು. ಈಗ ಅಜ್ಜಿಗೆ ಬಸ್ಸಿನ ಬೋರ್ಡು ಓದಿ ಹೇಳುತ್ತಾಳೆ. ಆ ಟೀಚರಿಗೆ ಅದರ ಹೆಸರು ಗೊತ್ತಿರಲಿಲ್ಲ, ಮಗು ಗೊತ್ತಿತ್ತು.

ಆಗ ನನಗೆ ಟೀಚರ್, ಮಗಳು ಇಬ್ಬರ ಮೇಲೂ ಸಂಶಯ. ವಾರಿಜನನ್ನು ದೈವದ ಕಟ್ಟೆಗೆ ಎಳೆದುಕೊಂಡು ಹೋದೆ. "ಕಲ್ಲು ಮುಟ್ಟಿ ಹೇಳು. ಸುಳ್ಳಾದರೆ ದೈವ ಬಿಡಲಿಕ್ಕಿಲ್ಲ."

ಅವಳು ಎರಡೂ ಅಂಗೈ ಕಲ್ಲಿಗೆ ಒತ್ತಿದಳು. "ಅಮ್ಮ, ಅಕ್ಷರ ಕಾಣ್ತದೆ. ಯಾವುದೂಂತ ಗೊತ್ತಾಗುವುದಿಲ್ಲ. ಸತ್ಯ." ನಾನು ಸಾಕು ಎನ್ನುವವರೆಗೆ ಕೈ ತೆಗೆಯಲಿಲ್ಲ.

ನಂಬಿದೆ. ಅಲ್ಲೇ, ಆಗಲೇ ನಂಬಿದೆ — ನನ್ನ ತಪ್ಪು ಇರುವುದು ಇಲ್ಲಿ.

ಸಂಜೆ ಟೀಚರ್ ಮತ್ತೆ ಬಂದಾಗ, ನನ್ನ ಗಂಡನ ಎದುರೇ ಹೇಳಿದೆ: "ದೈವದ ಮುಂದೆ ಒಪ್ಪಿಕೊಂಡಿದ್ದಾಳೆ. ಎಲ್ಲ ಸೋಮಾರಿತನ."

ಸೋಮಾರಿ ಹುಡುಗಿಗೆ ಗಂಡು ಸಿಗುತ್ತಾನೆ. ತಲೆಯಲ್ಲಿ ಐಬು ಎಂದು ಊರಿಗೆ ಗೊತ್ತಾದರೆ... ನೆವ ಹೇಳುತ್ತಿಲ್ಲ. ಆಗ ಮನಸ್ಸಿನಲ್ಲಿ ಇದ್ದದ್ದು ಅದು.

ಟೀಚರ್ ನನ್ನನ್ನು ನಂಬಲಿಲ್ಲ. ಬಗ್ಗಿ ಅವಳನ್ನೇ ಕೇಳಿದರು: "ಹೌದಾ ವಾರಿಜ?"

ಅವಳು ನನ್ನ ಮುಖ ನೋಡಿದಳು. ಆಮೇಲೆ ಹೌದೆಂದು ತಲೆ ಆಡಿಸಿದಳು. ಕಲ್ಲು ಮುಟ್ಟಿ ಸತ್ಯ ಹೇಳಿದ ಮಗು ತಾಯಿಯ ಮಾನ ಉಳಿಸಲು ಸುಳ್ಳು ಒಪ್ಪಿತು. ಅವಳ ಅಪ್ಪ ಅಲ್ಲೇ ಶಾಲೆ ಸಾಕು ಎಂದರು.

ಮರುದಿನ ಬೆಳಿಗ್ಗೆ ಅವಳು ತಾನೇ ಜಡೆ ಹಾಕಿಕೊಂಡು, ಸ್ಲೇಟು ಎದೆಗವುಚಿಕೊಂಡು ಜಗಲಿಯಲ್ಲಿ ನಿಂತಿದ್ದಳು. ನಾನು ಸ್ಲೇಟು ಕಿತ್ತು ಅಟ್ಟಕ್ಕೆ ಹಾಕಿದೆ. ಅವಳನ್ನು ಕುಳ್ಳಿರಿಸಿ, ಬೀಡಿ ಎಲೆ ತುಂಬಿದ ತಡ್ಪೆ ಮೊರವನ್ನು ಮಡಿಲಲ್ಲಿಟ್ಟು, ಎಲೆ ಕತ್ತರಿಸಲು ಕೈಗೆ ಕತ್ತರಿ ಕೊಟ್ಟೆ.