ಕೂಗಲಾರದ ಇಂಗ್ಲಿಷ್ ಮೇಷ್ಟ್ರು

ಮೇಷ್ಟ್ರ ಕುತ್ತಿಗೆಯಲ್ಲಿ, ಶರ್ಟಿನ ಕಾಲರಿಗಿಂತ ಎರಡು ಬೆರಳು ಮೇಲೆ, ಒಂದು ಅಡ್ಡ ಗೆರೆ ಇತ್ತು. ಹೊಲಿಗೆ ಹಾಕಿದ ಗಾಯ ಮಾಗಿ, ಸುತ್ತಲಿನ ಚರ್ಮಕ್ಕಿಂತ ಬೆಳ್ಳಗೆ, ತುಸು ಉಬ್ಬಿ ನಿಂತ ಗೆರೆ. ಅವರು ಮಾತಾಡಿದಾಗ ಅದು ಮೇಲೆ ಕೆಳಗೆ ಆಡುತ್ತಿತ್ತು. ಟ್ಯೂಷನ್ನಿಗೆ ಹೊಸದಾಗಿ ಬಂದ ಮಕ್ಕಳು ಮೊದಲ ವಾರವೆಲ್ಲ ಪಾಠ ಬಿಟ್ಟು ಅದನ್ನೇ ನೋಡುತ್ತಿದ್ದರು. ನಾನೂ ನೋಡಿದ್ದೆ.

ಗಂಟಲಿನ ಗಡ್ಡೆ ತೆಗೆಸಿದ ಮೇಲೆ ಅವರ ದನಿ ಅರ್ಧ ಹೋಗಿತ್ತು. ಉಳಿದ ಅರ್ಧ ಪಿಸುಮಾತಿಗಿಂತ ಸ್ವಲ್ಪ ಗಟ್ಟಿ, ಅಷ್ಟೇ. ಅರವತ್ತು ಮಕ್ಕಳ ಕ್ಲಾಸಿನ ಕೊನೆಯ ಬೆಂಚಿಗೆ ಅದು ಮುಟ್ಟುತ್ತಿರಲಿಲ್ಲ. ನಿವೃತ್ತಿಗೆ ನಾಲ್ಕು ವರ್ಷ ಇರುವಾಗಲೇ ಹೈಸ್ಕೂಲಿನ ಕೆಲಸ ಬಿಟ್ಟು, ಭದ್ರಾವತಿಯ ತಮ್ಮ ಮನೆಯ ಪಡಸಾಲೆಯಲ್ಲಿ ಇಂಗ್ಲಿಷ್ ಪಾಠ ಶುರುಮಾಡಿದರು. ಅಲ್ಲಿ ನಾವು ಹದಿಮೂರು ಮಂದಿ. ಹೆಚ್ಚಿನವರು ಕಾರ್ಖಾನೆ ಕೆಲಸಗಾರರ ಮಕ್ಕಳು. ಚಾಪೆಯ ಮೇಲೆ ಅವರಿಗೆ ಹತ್ತಿರವಾಗಿ ಕೂತರೆ ಮಾತ್ರ ಪಾಠ ಕೇಳುತ್ತಿತ್ತು. ಹಾಗಾಗಿ ನಮ್ಮ ಟ್ಯೂಷನ್ನಿನಲ್ಲಿ ಗಲಾಟೆ ಎಂಬುದೇ ಇರಲಿಲ್ಲ.

ಹಣೆಗೆ ವಿಭೂತಿ, ಕಿಸೆಯಲ್ಲಿ ಏಲಕ್ಕಿ, ಕೈಯಲ್ಲಿ ಸೀಮೆಸುಣ್ಣ. ಕಪ್ಪು ಹಲಗೆ ಇರಲಿಲ್ಲ. ಹಸಿರು ಬಣ್ಣ ಬಳಿದ ಹಳೆಯ ಬೀರುವಿನ ಬಾಗಿಲ ಮೇಲೆ ಬರೆಯುತ್ತಿದ್ದರು. ಪಾಠದ ನಡುವೆ ಅವರ ಹೆಂಡತಿಗೆ ಸೀರೆ ಬೇಕಾದರೆ ಬಾಗಿಲು ತೆರೆದು ಮುಚ್ಚುವವರೆಗೆ ವ್ಯಾಕರಣ ನಿಲ್ಲುತ್ತಿತ್ತು.

ಅವರು ಒಂದು ಪದಕ್ಕೆ ಒಂದು ಅರ್ಥ ಎಂದು ಯಾವತ್ತೂ ಹೇಳಿದವರಲ್ಲ. ಪದಗಳನ್ನು ಗುಂಪುಗುಂಪಾಗಿ ಹಿಡಿದು ತರುತ್ತಿದ್ದರು. ಕೂಗಿನ ಪದಗಳ ಪಾಠ ಎರಡು ವಾರ ನಡೆಯಿತು. ಮೊದಲು ನಮ್ಮಿಂದಲೇ ಕನ್ನಡದವನ್ನು ಹೇಳಿಸಿದರು. ಅರಚು, ಕಿರುಚು, ಚೀರು, ಒದರು, ಬೊಬ್ಬೆ, ಕೇಕೆ, ಗೋಳು. ಆಮೇಲೆ ಬೀರುವಿನ ಮೇಲೆ ಇಂಗ್ಲಿಷಿನವು ಬಂದವು.

"ಸ್ಕ್ರೀಮ್ ಅಂದ್ರೆ ಬುದ್ಧೀನ ಕೇಳ್ದೆ ಬಾಯಿಂದ ಬರೋ ಕೂಗು. ಶೌಟ್ ಅಂದ್ರೆ ಬುದ್ಧೀನ ಕೇಳಿ ಬರೋದು. ಯೆಲ್ ಅನ್ನೋದು ಮಾತ್ರ ಎರಡೂ ಕಡೆ ಸೇರೋ ಪದ. ಕೋಪಕ್ಕೂ ಆಗುತ್ತೆ, ಖುಷಿಗೂ ಆಗುತ್ತೆ, ನೋವಿಗೂ ಆಗುತ್ತೆ. ಅದನ್ನ ಬಳಸಬೇಕಾದ್ರೆ ಹುಷಾರಾಗಿರಿ."

ಆದರೆ ಹೇಳಿದರೆ ಸಾಲದು, ಕೂಗಿ ತೋರಿಸಬೇಕು. ಅದು ಅವರಿಂದ ಆಗದು. ಅದಕ್ಕೆ ಸೆಲ್ವನನ್ನು ಎಬ್ಬಿಸುತ್ತಿದ್ದರು.

ಸೆಲ್ವ ನನ್ನ ಜೊತೆಯವನು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಬಾಯಿ ತೆರೆದರೆ ಯಾವ ಪ್ರಾಣಿ ಬೇಕಾದರೂ. ಗೂಬೆಯ ಕೂಗನ್ನು ಹೂಟ್ ಎನ್ನುತ್ತಾರೆ ಎಂದು ಮೇಷ್ಟ್ರು ಬರೆದರೆ ಅವನು ಗೂಬೆಯಾಗುತ್ತಿದ್ದ. ಲಾರಿಯ ಹಾರನ್ನಿಗೂ ಹೂಟ್ ಎನ್ನಬಹುದು ಎಂದರೆ ಲಾರಿಯಾಗುತ್ತಿದ್ದ. ಮೈದಾನದಲ್ಲಿ ಸೋತವರನ್ನು ಗೇಲಿ ಮಾಡುವ ಹೋ ಎಂಬ ಗದ್ದಲಕ್ಕೂ ಅದೇ ಪದ. ಕೊನೆಗೆ, ಬಹಳ ನಗಿಸುವ ಮನುಷ್ಯನಿಗೂ 'ಎ ಹೂಟ್' ಅನ್ನುತ್ತಾರೆ, 'ಎ ಸ್ಕ್ರೀಮ್' ಅಂತಲೂ ಅನ್ನುತ್ತಾರೆ ಎಂದು ಮೇಷ್ಟ್ರು ಹೇಳಿದಾಗ ನಾವೆಲ್ಲ ಸೆಲ್ವನ ಕಡೆ ನೋಡಿದೆವು.

"ಇಂಗ್ಲಿಷಿನೋರಿಗೆ ಕಿರುಚಾಟಕ್ಕೂ ತಮಾಷೆಗೂ ಮಧ್ಯೆ ಗೋಡೆ ತೆಳು," ಎಂದು ಮೇಷ್ಟ್ರು ನಕ್ಕರು. ನಕ್ಕಾಗಲೂ ಅವರಿಂದ ಸದ್ದು ಬರುತ್ತಿರಲಿಲ್ಲ. ಹೆಗಲು ಕುಲುಕುತ್ತಿತ್ತು, ಅಷ್ಟೇ. ಮನೆಗೆ ಯಾರಾದರೂ ಬಂದರೆ ಸೆಲ್ವನನ್ನು ತೋರಿಸಿ, "ಇವನು ನನ್ನ ಗಂಟಲು," ಅನ್ನುತ್ತಿದ್ದರು.

ತಮಾಷೆಯ ಪದಗಳೂ ಅದೇ ತಿಂಗಳು ಬಂದವು. ಜೋಕ್, ಜೆಸ್ಟ್, ಟೀಸ್, ಮಾಕ್, ಪ್ರಾಂಕ್. ಕೊನೆಯಲ್ಲಿ ಹಾರ್ಸ್‌ಪ್ಲೇ. ಕುದುರೆ ಆಟ ಎಂದು ನಾನು ಅರ್ಥ ಹೇಳಿದೆ. ಎಲ್ಲರೂ ನಕ್ಕರು.

"ಅಲ್ಲಮ್ಮ," ಎಂದರು ಮೇಷ್ಟ್ರು. "ಮೈಮೇಲೆ ಬಿದ್ದು ಒರಟಾಗಿ ಆಡೋ ಆಟ ಅದು. ಆದ್ರೆ ಆಡೋರು ಈ ಪದ ಹೇಳಲ್ಲ. ಯಾರಿಗಾದ್ರೂ ಪೆಟ್ಟಾದ ಮೇಲೆ, ನೋಡ್ತಾ ನಿಂತೋರು ಹೇಳ್ತಾರೆ. ಇದು ಆಟದ ಪದ ಅಲ್ಲ, ತಪ್ಪು ಹೊರಿಸೋ ಪದ."

ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನನ್ನ ಬರಹ ದುಂಡಗಿತ್ತು. ಇಂಗ್ಲಿಷಿನಲ್ಲಿ ನಾನೇ ಮೊದಲು.

ಆ ಇಂಗ್ಲಿಷಿನಿಂದಲೇ ಕೆಲವು ವರ್ಷಗಳ ಮೇಲೆ ನನಗೆ ಶಿವಮೊಗ್ಗದ ಹೊರಗಿನ, ಕಬ್ಬಿಣ ಎರಕ ಹೊಯ್ಯುವ ಒಂದು ಫೌಂಡ್ರಿಯ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಪತ್ರ ಬರೆಯುವುದು, ಫೈಲು ಇಡುವುದು, ಕನ್ನಡದಲ್ಲಿ ಬಂದದ್ದನ್ನು ಇಂಗ್ಲಿಷಿಗೆ ಮಾಡುವುದು. ಮದುವೆಯಾಗಿ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿದ್ದೆ. ಆರು ತಿಂಗಳ ನಂತರ ಸೆಲ್ವ ಅದೇ ಫೌಂಡ್ರಿಗೆ ಕೆಲಸಕ್ಕೆ ಸೇರಿದ. ಆಫೀಸಿನ ಕಿಟಕಿ ಹತ್ತಿರ ಹಾಯುವಾಗ ಗೂಬೆಯ ಹಾಗೆ ಕೂಗಿ, "ಏನ್ ಮಾರಾಯ್ತಿ, ದೊಡ್ಡ ಮೇಡಮ್ಮಾಗ್ಬಿಟ್ಯಲ್ಲ," ಎಂದು ಹೋಗುತ್ತಿದ್ದ. ಒಳಗೂ ಹಾಗೇ ಅಂತೆ. ಮೆಷಿನ್ನುಗಳ ಸದ್ದನ್ನು ಮೀರಿಸಿ ಕೂಗಿ ಎಲ್ಲರನ್ನೂ ಹೆದರಿಸುವುದು, ಅವರು ಓಡಿಬಂದರೆ ನಗುವುದು.

ಎರಕದ ಅಚ್ಚಿಗೆ ಮರಳು ಕಲಸುವ ಮೆಷಿನ್ನಿನಲ್ಲಿ ಅವನ ಬಲಗೈ ಸಿಕ್ಕಿಕೊಂಡ ದಿನವೂ ಅವನು ಕೂಗಿದ. ಯಾರೂ ಓಡಿಬರಲಿಲ್ಲ. ಅವನು ಮೂರನೆಯ ಸಲ ಕೂಗಿದಾಗ ಒಬ್ಬ ತಿರುಗಿ ನೋಡಿ ಸ್ವಿಚ್ಚು ಆರಿಸಿದ. ಅಷ್ಟರಲ್ಲಿ ನಾಲ್ಕು ಬೆರಳು ಹೋಗಿದ್ದವು.

ಕೈ ಒಳಗೆ ಹೋಗದಂತೆ ತಡೆಯುವ ಮೆಷಿನ್ನಿನ ಮುಚ್ಚಳ ಒಡೆದು ಮೂರು ವಾರವಾಗಿತ್ತು. ಬದಲಿಸಬೇಕೆಂದು ಸೂಪರ್‌ವೈಸರ್ ಬರೆದುಕೊಟ್ಟ ಚೀಟಿ ನನ್ನ ಮೇಜಿಗೇ ಬಂದಿತ್ತು. ನಾನೇ ಸೀಲು ಹಾಕಿ ಫೈಲಿನಲ್ಲಿ ಇಟ್ಟಿದ್ದೆ.

ಮಾರನೆಯ ದಿನ ಮ್ಯಾನೇಜರು, ಇಂಗ್ಲಿಷಿನಲ್ಲಿ ಅಪಘಾತದ ವರದಿ ಬರೆಯಲು, ಜೊತೆಗಿದ್ದ ಕೆಲಸಗಾರರ ಹೇಳಿಕೆಗಳನ್ನು ನನಗೆ ಕೊಟ್ಟರು. ಒಬ್ಬ ಬರೆಸಿದ್ದ ಮಾತು ನನಗೆ ಇನ್ನೂ ಬಾಯಿಪಾಠ ಇದೆ: "ಅವನು ಕೂಗಿದ್ದು ಕೇಳಿಸ್ತು. ದಿನಾ ತಮಾಷೆಗೆ ಕೂಗ್ತಿದ್ದ. ಇವತ್ತೂ ಹಂಗೇ ಅಂದ್ಕೊಂಡ್ವಿ." ನಾನು ಕೂಗಿದ್ದಕ್ಕೆ ಸ್ಕ್ರೀಮ್ ಎಂದು ಹಾಕಿದ್ದೆ. ಮ್ಯಾನೇಜರು ಓದಿ, ಪೆನ್ನು ಕೆಳಗಿಟ್ಟರು.

"ಇಷ್ಟು ಭಯಂಕರ ಬೇಡಮ್ಮ. ಸ್ವಲ್ಪ ಬೇರೆ ಹಾಕಿ. ತಮಾಷೆ ಮಾಡಕ್ಕೆ ಹೋಗಿ ಕೈ ಸಿಕ್ಕಿಸ್ಕೊಂಡ ಅನ್ನೋ ಅರ್ಥ ಬರ್ಬೇಕು. ಅದಕ್ಕೊಂದು ಪದ ಇರುತ್ತಲ್ಲ, ನಿಮ್ಮ ಇಂಗ್ಲಿಷ್ ಚೆನ್ನಾಗಿದೆ, ನೋಡಿ ಹಾಕಿ."

ಅವರಿಗೆ ಆ ಪದ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಸ್ಕ್ರೀಮ್ ತೆಗೆದು ಯೆಲ್ ಹಾಕಿದೆ. ಕೊನೆಯ ಸಾಲಿನಲ್ಲಿ, ನೌಕರನ ಸ್ವಂತ ಹಾರ್ಸ್‌ಪ್ಲೇಯಿಂದ ಅಪಘಾತವಾಯಿತು ಎಂದು ಬರೆದೆ. ಮ್ಯಾನೇಜರು ಎರಡು ಸಲ ಓದಿ, "ಇದೇ ನೋಡಿ, ಇದೇ ಬೇಕಾಗಿದ್ದು," ಎಂದರು. ನನಗೆ ಸಂತೋಷವಾಯಿತು. ಇದನ್ನು ಮುಚ್ಚಿಟ್ಟು ಮೇಷ್ಟ್ರ ಬಗ್ಗೆ ಬರೆದರೆ ಅರ್ಥವಿಲ್ಲ. ನಿಜವಾಗಿ ಸಂತೋಷವಾಯಿತು. ಕೆಲಸ ಕಾಯಂ ಆಗಲು ಎರಡು ತಿಂಗಳಿತ್ತು. ಮುಚ್ಚಳದ ವಿಷಯ ವರದಿಯಲ್ಲಿ ಬರಲೇ ಇಲ್ಲ.

ಸೆಲ್ವ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವನಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಹೋಯಿತು. ತಪ್ಪು ಅವನದೇ ಆದ್ದರಿಂದ ಕೆಲಸಕ್ಕೆ ವಾಪಸು ತೆಗೆದುಕೊಳ್ಳುವುದಿಲ್ಲ ಎಂದು. ಜೊತೆಗೆ ವರದಿಯ ಪ್ರತಿ. ಅವನು ಅದನ್ನು ಓದಿಸಲು ಮೇಷ್ಟ್ರ ಮನೆಗೆ ಹೋದ. ಭದ್ರಾವತಿಯಲ್ಲಿ ನಮ್ಮ ಕಡೆಯವರೆಲ್ಲ ಇಂಗ್ಲಿಷ್ ಪತ್ರ ಬಂದರೆ ಅಲ್ಲಿಗೇ ಹೋಗುವುದು.

ಎರಡು ದಿನದ ಮೇಲೆ ಗೇಟಿನ ವಾಚ್‌ಮನ್ ಫೋನು ಮಾಡಿ, ಯಾರೋ ಹಿರಿಯರು ಬಂದಿದ್ದಾರೆ, ಮಾತಾಡೋದು ಕೇಳಿಸಲ್ಲ, ಚೀಟೀಲಿ ನಿಮ್ಮ ಹೆಸರು ಬರೆದು ತೋರಿಸ್ತಿದ್ದಾರೆ ಎಂದ. ನನಗೆ ಗೊತ್ತಾಯಿತು.

ರಸ್ತೆಯ ಆಚೆಯ ಟೀ ಅಂಗಡಿಯಲ್ಲಿ ಕೂತೆವು. ಲಾರಿಗಳು ಹೋಗುತ್ತಿದ್ದವು. ಅವರ ಮಾತು ಕೇಳಲು ನಾನು ಹಿಂದಿನ ಹಾಗೆಯೇ ಹತ್ತಿರ ಸರಿಯಬೇಕಾಯಿತು. ಪ್ಲಾಸ್ಟಿಕ್ ಕವರಿನಿಂದ ವರದಿ ತೆಗೆದು, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಇದು ಯಾರ ಪದ?"

"ನಂದು, ಸಾರ್."

"ಅವರು ಬರೆಸಿದ್ದಲ್ವಾ?"

ಹೌದು ಎನ್ನಬಹುದಿತ್ತು. ಆ ಮುಖ ನೋಡಿ ಹೇಳಲಾಗಲಿಲ್ಲ. "ಅರ್ಥ ಅವರು ಹೇಳಿದ್ರು. ಪದ ನಾನೇ ಹಾಕ್ದೆ."

ಅವರು ವರದಿಯನ್ನು ಮಡಚಿ ಕವರಿಗೆ ಹಾಕಿದರು. "ನಮ್ಮೂರಿಗೆಲ್ಲ ಈ ಪದ ಹೇಳಿಕೊಟ್ಟೋನು ನಾನೊಬ್ನೇ," ಎಂದರು. "ಓದಿದ ತಕ್ಷಣ ಗೊತ್ತಾಯ್ತು. ಸೆಲ್ವಂಗೆ ಹೇಳಿಲ್ಲ. ಯಾರೋ ಬರ್ದಿದ್ದಾರೆ ಅಂದೆ."

"ಸಾರ್, ನಾನು ಬೇಕಂತ..."

"ಬದಲಾಯಿಸಿ ಬರಿ. ಅವನು ಹೇಗೆ ಕೂಗಿದ, ಯಾಕೆ ಕೂಗಿದ, ನಿಂಗೆ ಗೊತ್ತು. ಅಷ್ಟು ಸಾಕು."

"ಕೆಲಸ ಹೋಗುತ್ತೆ ಸಾರ್."

"ಹೋಗಬಹುದು," ಎಂದರು ಅವರು. ಸಮಾಧಾನ ಮಾಡಲಿಲ್ಲ, ಬಯ್ಯಲೂ ಇಲ್ಲ. ಟೀ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು ಎದ್ದರು. "ತಪ್ಪು ಹೇಳಿಕೊಟ್ಟಿದ್ರೆ ನೀನು ತಪ್ಪು ಪದ ಹಾಕ್ತಿದ್ದೆ, ಅವನು ಬಚಾವಾಗ್ತಿದ್ದ. ಸರಿಯಾಗಿ ಹೇಳಿಕೊಟ್ಟೆ ನೋಡು." ಬಸ್ಸು ಬಂತು. ಹತ್ತಿ ಹೋದರು.

ನಾನು ಬದಲಿಸಲಿಲ್ಲ. ಕೆಲಸ ಕಾಯಂ ಆಯಿತು.

ಮೇಷ್ಟ್ರು ಸುಮ್ಮನಿರಲಿಲ್ಲ. ಸೆಲ್ವನ ಪರವಾಗಿ ಕಾರ್ಮಿಕ ಇಲಾಖೆಗೆ ತಾವೇ ಅರ್ಜಿ ಬರೆದರು. ಎಪ್ಪತ್ತರ ಹತ್ತಿರದ ಮನುಷ್ಯ, ಶಿವಮೊಗ್ಗದಲ್ಲಿ ವಿಚಾರಣೆ ಇದ್ದಾಗಲೆಲ್ಲ ಬಸ್ಸಿನಲ್ಲಿ ಅವನ ಜೊತೆ ಬರುತ್ತಿದ್ದರು. ನಾನು ಕಂಪನಿಯ ಫೈಲು ಹಿಡಿದುಕೊಂಡು ಮ್ಯಾನೇಜರ ಹಿಂದಿನ ಕುರ್ಚಿಯಲ್ಲಿ ಕೂರುತ್ತಿದ್ದೆ. ಸೆಲ್ವ ನನ್ನ ಕಡೆ ನೋಡಿ ತಲೆಯಾಡಿಸುತ್ತಿದ್ದ. ಮೇಷ್ಟ್ರು ನೋಡುತ್ತಿರಲಿಲ್ಲ.

ಒಂದು ದಿನ ಅಧಿಕಾರಿಗಳು ಅವರಿಗೆ ಮಾತಾಡಲು ಅವಕಾಶ ಕೊಟ್ಟರು. ಮೇಷ್ಟ್ರು ಎದ್ದು ನಿಂತರು. ಒಬ್ಬ ಮನುಷ್ಯ ನಗಿಸಲು ಕೂಗುವುದಕ್ಕೂ ನೋವಿಗೆ ಕೂಗುವುದಕ್ಕೂ ಇರುವ ವ್ಯತ್ಯಾಸ, ಯೆಲ್ ಎಂಬ ಪದ ಆ ವ್ಯತ್ಯಾಸವನ್ನು ಹೇಗೆ ಮುಚ್ಚುತ್ತದೆ, ಹಾರ್ಸ್‌ಪ್ಲೇ ಎನ್ನಲು ಅಲ್ಲಿ ಆಡಿದ ಇನ್ನೊಬ್ಬನಾದರೂ ಇರಬೇಕಲ್ಲ, ಮೆಷಿನ್ನಿನ ಬಳಿ ಇವನು ಒಬ್ಬನೇ ಇದ್ದನಲ್ಲ, ಎಂದು ಒಂದೊಂದಾಗಿ ಹೇಳುತ್ತ ಹೋದರು. ಅವರು ಏನು ಹೇಳುತ್ತಿದ್ದಾರೆಂದು ತುಟಿ ನೋಡಿಯೇ ನನಗೆ ತಿಳಿಯುತ್ತಿತ್ತು. ಬೇರೆ ಯಾರಿಗೂ ಕೇಳಿಸಲಿಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು.

"ಸ್ವಲ್ಪ ಜೋರಾಗಿ ಹೇಳಿ ಯಜಮಾನ್ರೆ," ಎಂದರು ಅಧಿಕಾರಿ.

ಮೇಷ್ಟ್ರು ಜೋರು ಮಾಡಲು ನೋಡಿದರು. ಕುತ್ತಿಗೆಯ ನರ ಉಬ್ಬಿತು. ದನಿ ಒಡೆದು, ಕೋಳಿಮರಿಯ ಹಾಗೆ ಒಂದು ಸದ್ದು ಬಂತು. ಕಂಪನಿಯ ವಕೀಲ, "ಕೂಗೋದ್ರ ಬಗ್ಗೆ ಹೇಳಕ್ಕೆ ಸರಿಯಾದೋರನ್ನೇ ಕರ್ಕೊಂಡ್ ಬಂದಿದ್ದಾರೆ ಸಾರ್," ಎಂದ. ಕೋಣೆಯಲ್ಲಿ ಐದಾರು ಜನ ನಕ್ಕರು. ಮ್ಯಾನೇಜರು ನನ್ನ ಕಡೆ ತಿರುಗಿ ನಕ್ಕರು. ನಾನೂ ನಕ್ಕೆ. ಹಲ್ಲು ಕಾಣುವಷ್ಟಲ್ಲ. ಮ್ಯಾನೇಜರಿಗೆ ಉತ್ತರವಾಗುವಷ್ಟು.

ಆಗ ಒಂದೇ ಸಲ ಮೇಷ್ಟ್ರು ನನ್ನನ್ನು ನೋಡಿದರು.

ಮುಚ್ಚಳದ ಚೀಟಿ ಆ ಹೊತ್ತು ನನ್ನ ತೊಡೆಯ ಮೇಲಿದ್ದ ಫೈಲಿನಲ್ಲೇ ಇತ್ತು.

ಮುಂದಿನ ವಿಚಾರಣೆಗೆ ಅವರು ಬರಲಿಲ್ಲ. ಎದೆಯಲ್ಲಿ ಕಫ ಕಟ್ಟಿ ಮಲಗಿದ್ದಾರೆ ಎಂದು ಸೆಲ್ವ ಹೊರಗೆ ಹೇಳಿದ. ನೋಡಿಕೊಂಡು ಬರಬೇಕು ಅಂದುಕೊಂಡೆ. ಭಾನುವಾರ ಎಂದುಕೊಂಡೆ, ಇನ್ನೊಂದು ಭಾನುವಾರ ಎಂದುಕೊಂಡೆ. ಹದಿನೇಳು ದಿನಕ್ಕೆ ತೀರಿಕೊಂಡರು. ಮಣ್ಣಿಗೆ ಹೋಗಲಿಲ್ಲ. ಆಮೇಲಿನ ಶಿವಗಣಾರಾಧನೆಯ ಊಟಕ್ಕೆ ಹೋದೆ.

ಬೀರುವಿನ ಬಾಗಿಲನ್ನು ಯಾರೋ ಒರೆಸಿದ್ದರು. ಪಡಸಾಲೆಯ ಊಟದ ಸಾಲಿನಲ್ಲಿ ಸೆಲ್ವ ತುದಿಗೆ ಕೂತು ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದ. ನನ್ನನ್ನು ಕಂಡು, "ಬಾ, ಇಲ್ಲೇ ಕೂತ್ಕೋ," ಎಂದು ಸರಿದ. ಮಾರಾಯ್ತಿ ಎನ್ನಲಿಲ್ಲ. ಅವನು ತಮಾಷೆ ಬಿಟ್ಟು ಎಷ್ಟೋ ದಿನವಾಗಿತ್ತು.

ಊಟವಾದ ಮೇಲೆ ಹಿತ್ತಲಿನಲ್ಲಿ, ಫೈಲಿನಿಂದ ತೆಗೆದು ತಂದಿದ್ದ ಮುಚ್ಚಳದ ಚೀಟಿಯನ್ನು ಅವನಿಗೆ ಕೊಟ್ಟೆ. ಅದು ಏನೆಂದು ಹೇಳಿದೆ. ವರದಿ ಬರೆದವಳು ನಾನು ಎಂಬುದನ್ನೂ ಹೇಳಿದೆ. ಅವನು ಚೀಟಿಯ ಮೇಲಿನ ತಾರೀಖನ್ನು ನಿಧಾನವಾಗಿ ಓದಿದ.

"ಇದು ಮೊದ್ಲಿಂದ ನಿನ್ನ ಹತ್ರ ಇತ್ತಾ?"

"ಇತ್ತು."

"ಸಾರ್‌ಗೆ ಗೊತ್ತಿತ್ತಾ?"

"ವರದಿ ನಂದು ಅಂತ ಗೊತ್ತಿತ್ತು. ಇದು ಗೊತ್ತಿರಲಿಲ್ಲ."

ಅವನು ಚೀಟಿ ಮಡಚಿ ಕಿಸೆಗೆ ಹಾಕಿಕೊಂಡ. "ಗೊತ್ತಿಲ್ದೆ ಹೋಗಿದ್ದೇ ಒಳ್ಳೇದಾಯ್ತು ಬಿಡು," ಎಂದು ಒಳಗೆ ಹೋದ.

ಆ ಚೀಟಿಯಿಂದ ತೀರ್ಪು ಸೆಲ್ವನ ಕಡೆ ಆಯಿತು. ಅವನನ್ನು ಗೇಟಿನ ಕೆಲಸಕ್ಕೆ ತೆಗೆದುಕೊಂಡರು. ಚೀಟಿ ಹೇಗೆ ಹೊರಗೆ ಹೋಯಿತೆಂದು ಆಫೀಸಿನಲ್ಲಿ ಕೇಳಿದರು. ನಾನೇ ಕೊಟ್ಟೆ ಎಂದೆ. ಕೆಲಸ ಹೋಯಿತು. ಮೇಷ್ಟ್ರು ಹೇಳಿದ ಹಾಗೆ, ಹೋಗಬಹುದಾದದ್ದು ಹೋಯಿತು, ಅಷ್ಟೇ. ಈಗ ನವುಲೆಯ ಒಂದು ಅಂಗಡಿಯಲ್ಲಿ ಬಿಲ್ಲು ಬರೆಯುತ್ತೇನೆ.

ಮೇಷ್ಟ್ರ ಹೆಂಡತಿಯನ್ನು ತಿಂಗಳಿಗೊಮ್ಮೆ ನೋಡಿಕೊಂಡು ಬರುತ್ತೇನೆ. ಮೇಷ್ಟ್ರು ಅವರಿಗೆ ನನ್ನ ವಿಷಯ ಹೇಳಿರಲಿಲ್ಲ. ಸೆಲ್ವನೂ ಹೇಳಿಲ್ಲ. ಹೋದ ತಿಂಗಳು ಅವರು ನನಗೆ ಕಾಫಿ ಕೊಟ್ಟು, ಎದುರಿಗೆ ಕೂತು ಕೇಳಿದರು:

"ಆ ಕಂಪನಿಯೊಳಗಿಂದ ಯಾರೋ ಚೀಟಿ ಕೊಟ್ರಂತಲ್ಲ, ಅದರಿಂದಲೇ ನಮ್ಮ ಸೆಲ್ವಂಗೆ ಕೆಲಸ ಬಂತಂತೆ. ಇವರು ಇದ್ದಿದ್ರೆ ಹುಡುಕ್ಕೊಂಡು ಹೋಗಿ ಕೈ ಮುಗೀತಿದ್ರು. ನೀನು ಅಲ್ಲೇ ಇದ್ಯಲ್ಲಮ್ಮ, ಆ ಪುಣ್ಯಾತ್ಮರು ಯಾರು ಅಂತ ನಿಂಗೇನಾದ್ರೂ ಗೊತ್ತಾ?"

ನಾನು ಗೊತ್ತಿಲ್ಲ ಎಂದೆ.