ಬಾಲ್ಕನಿಯ ನಿರ್ಮಾಲ್ಯ

ಮೊದಲು ಬಂದದ್ದು ಬರೀ ಕೆಮ್ಮು. ದಸರಾ ರಜೆ ಮುಗಿದು ಶಾಲೆ ಶುರುವಾದ ವಾರ. ನನ್ನ ಮಗಳು ನಿಧಿಗೆ ಆಗ ಹದಿಮೂರು. ಚಿಕ್ಕಂದಿನಿಂದ ಅಷ್ಟಿಷ್ಟು ಆಸ್ತಮಾ ಇತ್ತು, ಬ್ಯಾಗಿನಲ್ಲಿ ಇನ್‌ಹೇಲರ್ ಇರುತ್ತಿತ್ತು. ಆದರೂ ಶಾಲೆಯ ಖೋ-ಖೋ ತಂಡದಲ್ಲಿ ಅವಳನ್ನು ಓಡಿ ಹಿಡಿಯುವವರು ಯಾರೂ ಇರಲಿಲ್ಲ. ಹಾಗಾಗಿ ಕೆಮ್ಮನ್ನು ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ದೆಹಲಿಯಲ್ಲಿ ಚಳಿ ಕಾಲಿಡುವಾಗ ಕೆಮ್ಮದವರು ಯಾರಿದ್ದಾರೆ?

ಒಂದು ಬೆಳಿಗ್ಗೆ ವಾಷ್‌ಬೇಸಿನ್ನಿನಲ್ಲಿ ಕಂದು ಬಣ್ಣದ ಗಟ್ಟಿ ಕಫ ಬಿತ್ತು. ಕಿವುಚಿದ ಹುಣಸೆಹಣ್ಣಿನ ನಾರಿನ ಹಾಗೆ.

"ಅಮ್ಮ, ಯೇ ಕ್ಯಾ ಹೈ?"

ಇದೇನು ಎಂದು ಅವಳು ಕೇಳುತ್ತಿದ್ದಂತೆಯೇ ನಾನು ನಲ್ಲಿ ಬಿಟ್ಟು ತೊಳೆದುಬಿಟ್ಟೆ. ನನ್ನ ಜಾಣತನ ಅಲ್ಲಿಂದಲೇ ಶುರು.

ನಾವು ತುಮಕೂರಿನ ಕಡೆಯವರು. ನಾನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಯುಡಿಸಿ, ಅಂದರೆ ಮೇಲ್ದರ್ಜೆಯ ಗುಮಾಸ್ತೆ. ಗಂಡ ಇನ್ನೊಂದು ಕಚೇರಿಯಲ್ಲಿ ಸೆಕ್ಷನ್ ಆಫೀಸರ್. ವಸಂತ್ ಕುಂಜ್‌ನಲ್ಲಿ ಮೂರನೇ ಮಹಡಿಯ ಎರಡು ಕೋಣೆಯ ಫ್ಲ್ಯಾಟು. ಇಲ್ಲಿ ಎಲ್ಲರೂ ಮಾಡುವಂತೆ ನಾವೂ ಬಾಲ್ಕನಿಗೆ ಗಾಜು ಹಾಕಿಸಿ ಅದನ್ನೊಂದು ಕೋಣೆ ಮಾಡಿಕೊಂಡಿದ್ದೆವು. ಅಲ್ಲಿ ನನ್ನ ಗಿಡಗಳು. ಮೂವತ್ತೆರಡು ಕುಂಡ. ತುಳಸಿ, ದೊಡ್ಡಪತ್ರೆ, ಮನಿಪ್ಲಾಂಟು, ಹಾವಿನ ಹೆಡೆಯಂತೆ ಎದ್ದು ನಿಲ್ಲುವ ಎಲೆಗಳ ಒಂದು ಗಿಡ. ಗಿಡಗಳು ಮನೆಯ ಗಾಳಿಯನ್ನು ಶುದ್ಧ ಮಾಡುತ್ತವೆ ಎಂದು ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದೆ. ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾದ ಮೇಲೂ ಕಿಟಕಿ ಒರೆಸಿದರೆ ಬಟ್ಟೆ ಕಪ್ಪಾಗುವ ಊರಿದು. ಗಿಡ ನಂಬದೆ ಇನ್ನೇನನ್ನು ನಂಬಲಿ?

"ಹಿತ್ತಲ ಗಿಡ ಮದ್ದಲ್ಲ ಕಣೇ" ಎಂದು ನನ್ನ ಗಂಡ ರೇಗಿಸುತ್ತಿದ್ದರು.

"ನಮಗೆಲ್ಲಿದೆ ಹಿತ್ತಲು? ಇದು ಬಾಲ್ಕನಿ. ಇಲ್ಲಿ ಮದ್ದೇ" ಎನ್ನುತ್ತಿದ್ದೆ ನಾನು.

ಗಿಡಗಳ ಮೂಲೆಯಲ್ಲಿ ಒಂದು ನೀಲಿ ಡ್ರಮ್ ಇತ್ತು. ಅದು ನಿರ್ಮಾಲ್ಯದ್ದು. ದೇವರ ತಲೆಯ ಮೇಲಿದ್ದ ಹೂವನ್ನು ಮಾರನೆಯ ದಿನ ತೆಗೆದು ಕಸಕ್ಕೆ ಹಾಕಬಾರದು, ಕಾಲಿಗೆ ಸಿಗಬಾರದು. ಊರಲ್ಲಿ ಅಮ್ಮ ಗಿಡದ ಬುಡಕ್ಕೆ ಹಾಕುತ್ತಿದ್ದಳು. ಇಲ್ಲಿಯವರು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ, ಸೇತುವೆಯ ಮೇಲೆ ಕಾರು ನಿಲ್ಲಿಸಿ, ಯಮುನೆಗೆ ಎಸೆದು ಕೈಮುಗಿಯುತ್ತಾರೆ. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನಾವು ಹಾಗಲ್ಲ. ಚೆಂಡುಹೂವು, ಗುಲಾಬಿ, ತುಳಸಿದಳ, ತೆಂಗಿನಕಾಯಿಯ ಜುಟ್ಟು, ಎಲ್ಲ ಡ್ರಮ್ಮಿಗೆ. ಮೇಲೊಂದು ಹಿಡಿ ಮಣ್ಣು. ಕೊಳೆತು ಗೊಬ್ಬರವಾದ ಮೇಲೆ ಕುಂಡಗಳಿಗೆ. ದೇವರಿಂದ ಗಿಡಕ್ಕೆ, ಗಿಡದಿಂದ ದೇವರಿಗೆ. ಆಫೀಸಿನಲ್ಲಿ ಇದನ್ನು ನಾನು ಎಷ್ಟು ಜನರ ಮುಂದೆ ಕೊಚ್ಚಿಕೊಂಡಿದ್ದೇನೋ.

ಭಾನುವಾರ ಅದನ್ನು ಕೋಲಿನಿಂದ ತಿರುವಬೇಕು. ಆ ಕೆಲಸ ನಿಧಿಯದು. ದೆಹಲಿಯಲ್ಲಿ ಬೆಳೆಯುವ ಹುಡುಗಿಗೆ ಮಣ್ಣಿನ ರುಚಿ ಗೊತ್ತಿರಲಿ ಎಂದು ನಾನೇ ಹಚ್ಚಿದ್ದು. ಮುಚ್ಚಳ ತೆಗೆದರೆ ಹೂವಿನ ಮೇಲೆ ಬೂದು ಬಣ್ಣದ ಬೂಷ್ಟು. ಕೋಲು ಆಡಿಸಿದರೆ ಹೊಗೆಯಂತೆ ಮೇಲೇಳುತ್ತಿತ್ತು. ಅವಳು ಮುಖ ಸಿಂಡರಿಸುತ್ತಿದ್ದಳು. ನಾನು ನಗುತ್ತಿದ್ದೆ.

ಕೆಮ್ಮು ನಿಲ್ಲಲಿಲ್ಲ. ಸಂಜೆ ಜ್ವರ. ತೂಕ ಇಳಿಯಿತು. ಎಕ್ಸ್‌ರೇ ತೆಗೆಸಿದೆವು. ಬಲಗಡೆ ಮೇಲ್ಭಾಗದಲ್ಲಿ ಬಿಳಿ ಮಚ್ಚೆ.

ಟಿಬಿ ಎಂದರು.

ಕಫದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೂ ಈ ಊರಲ್ಲಿ ಮಚ್ಚೆ ಕಂಡರೆ ಮೊದಲು ಅದೇ ಹೆಸರು. ಆರು ತಿಂಗಳ ಕೋರ್ಸ್. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವ ಮಾತ್ರೆಗಳು. ಬೆಳಿಗ್ಗೆ ನುಂಗಿ ಹತ್ತು ಗಂಟೆಗೆ ವಾಂತಿ ಮಾಡುತ್ತಿದ್ದಳು. ಶಾಲೆಯಲ್ಲಿ ಅದು ಹೇಗೆ ಗೊತ್ತಾಯಿತೋ, ಅವಳ ಅಕ್ಕಪಕ್ಕದ ಹುಡುಗಿಯರು ಜಾಗ ಬದಲಾಯಿಸಿದರು.

ನಾನು ಏನು ಮಾಡಿದೆ? ಅವಳ ಮಂಚವನ್ನೇ ಬಾಲ್ಕನಿಗೆ ಎಳೆದೆ. ಶ್ವಾಸಕೋಶದ ಕಾಯಿಲೆಗೆ ಹಸಿರಿಗಿಂತ ದೊಡ್ಡ ಔಷಧಿ ಉಂಟೇ? ಇನ್ನೂ ಆರು ಕುಂಡ ತಂದೆ. ಎರಡು ತಲೆದೆಸೆಗೆ, ನಾಲ್ಕು ಕಾಲಿನ ಕಡೆ. ಡ್ರಮ್ಮು ಮಂಚದಿಂದ ಒಂದು ಮಾರು ದೂರ. ಚಳಿ ಎಂದು ಗಾಜುಗಳನ್ನು ಮುಚ್ಚಿದೆ. ಅಡುಗೆಮನೆಯ ಒಗ್ಗರಣೆ ಹೊಗೆ ಹೋಗದಿರಲೆಂದು ನಡುವಿನ ಬಾಗಿಲನ್ನೂ ಎಳೆದುಕೊಂಡೆ.

"ಅಮ್ಮ, ಅಲ್ಲಿ ಮಲಗಿದ್ರೆ ಕೆಮ್ಮು ಜಾಸ್ತಿ ಆಗುತ್ತೆ. ಸಚ್ಚಿ."

"ಹಾಲ್‌ನಲ್ಲಿ ಮಲಗಿ ಟಿವಿ ನೋಡೋಕೆ ನೆಪ ಬೇಡ. ಸುಮ್ನೆ ಹೋಗಿ ಮಲಕ್ಕೋ."

"ಸ್ಮೆಲ್ ಬರುತ್ತೆ ಅಮ್ಮ. ಗಂಟಲು ಹಿಡ್ಕೊಳ್ಳುತ್ತೆ."

"ದೇವರ ಹೂವು ಕಣೇ ಅದು. ವಾಸನೆ ಅಂತೀಯಾ?"

ಒಂದು ದಿನ ಆಫೀಸಿನಿಂದ ಬಂದಾಗ ಹೊದಿಕೆ ಸುತ್ತಿಕೊಂಡು ಹಾಲ್‌ನ ನೆಲದ ಮೇಲೆ ಮಲಗಿದ್ದಳು. ತೋಳು ಹಿಡಿದು ಎಬ್ಬಿಸಿ ಮತ್ತೆ ಅಲ್ಲಿಗೇ ಕಳಿಸಿದೆ. ಆ ತೋಳು ಎಷ್ಟು ಸಣ್ಣಗಾಗಿತ್ತೆಂದು ನನ್ನ ಬೆರಳುಗಳಿಗೆ ಈಗಲೂ ನೆನಪಿದೆ.

ನಾಲ್ಕನೇ ತಿಂಗಳು ಉಸಿರು ಕಟ್ಟಿತು. ತುಟಿ ನೀಲಿಯಾಯಿತು. ಆಟೋದಲ್ಲಿ ಹಾಕಿಕೊಂಡು ಓಡಿದೆವು. ಆಕ್ಸಿಜನ್, ನೆಬ್ಯುಲೈಜರ್, ಡ್ರಿಪ್. ಎಂಟು ದಿನ ವಾರ್ಡಿನಲ್ಲಿದ್ದಳು. ಸುಣ್ಣದ ಗೋಡೆ, ಫಿನಾಯಿಲ್ ವಾಸನೆ, ಒಂದು ಎಲೆಯೂ ಇಲ್ಲದ ಜಾಗ. ಅಲ್ಲಿ ಚೇತರಿಸಿಕೊಂಡಳು. ಐದನೇ ದಿನ ಪರಾಠಾ ಕೇಳಿದಳು. ಮನೆಗೆ ಕರೆತಂದು, ಗಿಡಗಳಿಗೆಲ್ಲ ನೀರು ಹಾಕಿ, ಎಲೆ ಒರೆಸಿ, ಅದೇ ಮಂಚದ ಮೇಲೆ ಮಲಗಿಸಿದೆ. ನಾಲ್ಕೇ ದಿನ. ಮತ್ತೆ ಕೆಮ್ಮು, ಮತ್ತೆ ಆ ಹುಣಸೆ ನಾರು.

ಆಗ ಯಾರೋ ಹೇಳಿ ಎದೆರೋಗದ ಇನ್ನೊಬ್ಬ ಡಾಕ್ಟರ ಬಳಿ ಹೋದೆವು. ವಯಸ್ಸಾದ ಹೆಂಗಸು, ನಿಧಾನ ಮಾತು. ಸ್ಕಿನ್ ಟೆಸ್ಟ್ ಮಾಡಿಸಿದರು. ರಕ್ತ ಪರೀಕ್ಷೆ, ಸಿಟಿ ಸ್ಕ್ಯಾನ್. ರಿಪೋರ್ಟುಗಳನ್ನು ಹರಡಿಕೊಂಡು ಹಿಂದಿಯಲ್ಲಿ ಕೇಳುತ್ತಾ ಹೋದರು. ಮನೆಯಲ್ಲಿ ಕೂಲರ್ ಇದೆಯೇ? ಗೋಡೆಯಲ್ಲಿ ತೇವ? ಪಾರಿವಾಳ?

"ಏನೂ ಇಲ್ಲ ಡಾಕ್ಟರ್ ಮೇಡಂ. ಮನೆ ತುಂಬ ಗಿಡ ಇಟ್ಟಿದ್ದೀನಿ. ಗೊಬ್ಬರ ಕೂಡ ಮನೇಲೇ ಮಾಡ್ತೀನಿ, ಪೂಜೆ ಹೂವಿಂದ."

ಅವರ ಪೆನ್ನು ನಿಂತಿತು.

"ಮಗು ಎಲ್ಲಿ ಮಲಗುತ್ತೆ?"

"ಗಿಡಗಳ ಮಧ್ಯೆ" ಎಂದೆ. ಹೆಮ್ಮೆಯಿಂದಲೇ ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಟಿಬಿ ಅಲ್ಲವೇ ಅಲ್ಲ ಎಂದರು. ಕೊಳೆಯುವ ಎಲೆಯಲ್ಲಿ, ಹೂವಿನಲ್ಲಿ ಬೆಳೆಯುವ ಬೂಷ್ಟು ಇದು, ಆಸ್ಪರ್ಜಿಲಸ್. ಸಾಮಾನ್ಯವಾಗಿ ಉಸಿರಿನೊಂದಿಗೆ ಒಳಗೆ ಹೋದರೂ ಏನೂ ಮಾಡುವುದಿಲ್ಲ. ಆದರೆ ಆಸ್ತಮಾ ಇರುವ ಕೆಲವರಲ್ಲಿ ಒಳಗೇ ಕೂರುತ್ತದೆ. ಮೈ ಅದರ ಮೇಲೆ ಜಗಳಕ್ಕೆ ಬಿದ್ದು ತನ್ನ ಉಸಿರಿನ ಕೊಳವೆಗಳನ್ನು ತಾನೇ ಹಾಳು ಮಾಡಿಕೊಳ್ಳುತ್ತದೆ. ಸ್ಕ್ಯಾನಿನ ಮೇಲೆ ಬೆರಳಿಟ್ಟು ತೋರಿಸಿದರು. ಬಲಗಡೆಯ ಕೊಳವೆಗಳು ಹಿಗ್ಗಿಹೋಗಿದ್ದವು.

"ಇದು ಸರಿಹೋಗುತ್ತಾ?" ನನ್ನ ಗಂಡ ಕೇಳಿದರು.

"ಹಿಗ್ಗಿದ್ದು ಹಿಗ್ಗಿದ್ದೇ. ಮುಂದಕ್ಕೆ ಹೋಗದಂತೆ ನೋಡ್ಕೋಬಹುದು." ಆಮೇಲೆ ನನ್ನ ಕಡೆ ತಿರುಗಿದರು. "ಗಿಡದ ತಪ್ಪಲ್ಲ. ಮುಚ್ಚಿದ ಕೋಣೆಯಲ್ಲಿ ಕೊಳೆಯೋದನ್ನ ಇಟ್ಟಿದ್ದು ತಪ್ಪು. ಹಸಿರು ಬೇಕು ಅಂದ್ರೆ ಮಗೂನ ಹೊರಗೆ ಕರ್ಕೊಂಡು ಹೋಗಿ. ಪಾರ್ಕಿಗೆ, ಮರದ ಕೆಳಗೆ, ಬಿಸಿಲಲ್ಲಿ."

ವಾಪಸ್ ಆಟೋದಲ್ಲೇ ಬಂದೆವು. ಮುನಿರ್ಕಾ ದಾಟಿದ ಮೇಲೆ ನಿಧಿ ಹೊರಗೆ ನೋಡುತ್ತಲೇ ಹೇಳಿದಳು.

"ಮೈನೇ ಬೋಲಾ ಥಾ ನಾ, ಅಮ್ಮ."

ಹೇಳಿದ್ದೆನಲ್ಲ. ಅಷ್ಟೇ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ಉಂಡವಳು ಅವಳು.

ಆ ಭಾನುವಾರ ನನ್ನ ಗಂಡ ಬಾಯಿಗೆ ಕರ್ಚೀಫು ಕಟ್ಟಿಕೊಂಡು ಮೂವತ್ತೆಂಟು ಕುಂಡಗಳನ್ನು ಕೆಳಗಿಳಿಸಿದರು. ಹತ್ತನೆಯದೋ ಹನ್ನೊಂದನೆಯದೋ ಹೊತ್ತು ಬಾಗಿಲಲ್ಲಿ ನಿಂತು ಒಂದು ಮಾತಂದರು. "ನಿನ್ನ ಗಿಡ ಬೆಳೆಸೋಕೆ ನನ್ನ ಮಗಳ ಎದೇನೇ ಬೇಕಿತ್ತಾ?" ಆಮೇಲೆ ಎಂದೂ ಅದನ್ನೆತ್ತಲಿಲ್ಲ. ತುಳಸಿಯೊಂದನ್ನು ಗೇಟಿನ ಪಕ್ಕ ಬಯಲಲ್ಲಿಟ್ಟೆವು. ಮಿಕ್ಕದ್ದನ್ನು ಪಾರ್ಕಿನ ಮಾಲಿ ರಾಮ್‌ಧನ್ ಕೈಗಾಡಿಯಲ್ಲಿ ಒಯ್ದ. ಡ್ರಮ್ಮಿನ ಮುಚ್ಚಳ ತೆಗೆದು ನೋಡಿ ಅವನ ಮುಖ ಅರಳಿತು.

"ಭಾಭೀಜಿ, ಯೇ ತೋ ಸೋನಾ ಹೈ!"

ಚಿನ್ನವಂತೆ. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಸ್ಟೆರಾಯ್ಡ್ ಶುರುವಾಯಿತು, ಜೊತೆಗೆ ಬೂಷ್ಟು ಕೊಲ್ಲುವ ಮಾತ್ರೆ. ಕೆಮ್ಮು ಮೂರೇ ವಾರದಲ್ಲಿ ತಗ್ಗಿತು. ಮುಖ ಮಾತ್ರ ಊದಿ ಗುಂಡಾಯಿತು, ಕೆನ್ನೆಯ ಮೇಲೆ ರೋಮ ಬಂತು. ಟಿಬಿ ಎಂದು ದೂರ ಸರಿದಿದ್ದ ಅದೇ ಹುಡುಗಿಯರು ಈಗ ಹತ್ತಿರ ಬಂದು ಗೋಲ್‌ಗಪ್ಪಾ, ಅಂದರೆ ಊದಿದ ಪಾನಿಪುರಿ, ಎಂದು ಕರೆದರು. ಖೋ-ಖೋ ಜರ್ಸಿ ಬಿಗಿಯಾಯಿತು. ಒಂದು ದಿನ ಅದನ್ನು ಮಡಚಿ ನನ್ನ ಕೈಗೆ ಕೊಟ್ಟು, "ಪೋಛಾ ಬನಾ ಲೋ" ಎಂದಳು. ನೆಲ ಒರೆಸಲು. ನಾನು ಒರೆಸಿಲ್ಲ, ಕಪಾಟಿನಲ್ಲಿಟ್ಟಿದ್ದೇನೆ.

ಬೇಸಿಗೆ ಕಳೆದು ಮತ್ತೆ ಚಳಿ ಬಂದಿದೆ. ಈಗ ದಿನಾ ಮಧ್ಯಾಹ್ನ ಪಾರ್ಕಿಗೆ ಹೋಗುತ್ತೇವೆ. ಇದಕ್ಕಾಗಿಯೇ ಉದ್ದ ರಜೆ ಹಾಕಿದ್ದೇನೆ. ಬೇವು, ನೇರಳೆ, ಅರಳಿ, ಎಲ್ಲ ಆಕಾಶಕ್ಕೆ ತೆರೆದುಕೊಂಡು ನಿಂತ ಮರಗಳು. ಮೊದಲ ವಾರ ಅರ್ಧ ಸುತ್ತಿಗೇ ಎದೆ ಹಿಡಿದು ನಿಲ್ಲುತ್ತಿದ್ದಳು. ಈಗ ನಾಲ್ಕು ಸುತ್ತು ನಡೆಯುತ್ತಾಳೆ. ಓಡುವುದಿಲ್ಲ. ಮುಂದೆ ಓಡಬಹುದೇನೋ, ಡಾಕ್ಟರ್ ಹೌದು ಎಂದೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ. ಮರಗಳು ಒಳ್ಳೆಯದು ಮಾಡುತ್ತವೆ, ಅದನ್ನು ಕಣ್ಣಾರೆ ನೋಡುತ್ತಿದ್ದೇನೆ. ಮರ ಇರುವಲ್ಲಿಗೆ ನಾವು ಹೋಗಬೇಕಿತ್ತು. ನಾನು ಅದನ್ನು ಗಾಜಿನೊಳಗೆ ಕೂಡಿಹಾಕಿದೆ, ಜೊತೆಗೆ ಮಗಳನ್ನೂ.

ನಿನ್ನೆ ಅರಳಿಯ ಕೆಳಗಿನ ಬೆಂಚಿನಲ್ಲಿ ಕೂತಿದ್ದೆವು. ಪಾರ್ಕಿನಲ್ಲೇ ಒಳ್ಳೆಯ ಬೆಂಚು ಅದು, ಬೆನ್ನಿಗೆ ಬಿಸಿಲು, ತಲೆಗೆ ನೆರಳು. ನಾನು ಕಿತ್ತಳೆ ಸುಲಿಯುತ್ತಿದ್ದೆ. ನಿಧಿ ಮೂಗು ಎಳೆದುಕೊಂಡಳು.

"ಅಮ್ಮ, ಇಲ್ಲಿ ಬೇಡ. ಚಲೋ."

ಸುತ್ತ ನೋಡಿದೆ. ಏನೂ ಕಾಣಲಿಲ್ಲ, ಯಾವ ವಾಸನೆಯೂ ನನಗೆ ಬರಲಿಲ್ಲ. ಯಾಕೆ ಎಂದು ನಾಲಿಗೆಯ ತುದಿಗೆ ಬಂತು.

ಕೇಳಲಿಲ್ಲ. ಅರ್ಧ ಸುಲಿದ ಕಿತ್ತಳೆಯನ್ನು ಸೆರಗಿಗೆ ಹಾಕಿಕೊಂಡು ಎದ್ದೆ.