ಅಡುಗೆಮನೆಗೆ ಬಂದ ಬಂಡೆ

ನಮ್ಮ ಮನೆಯ ಮೇಲೆ ಸಾಲ ಇರಲಿಲ್ಲ. ಈ ಮಾತನ್ನು ನನ್ನ ಗಂಡ ಬಂದವರೆದುರು ಹೇಳುವಾಗ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ರಾಯದುರ್ಗದಲ್ಲಿ ಬೆಟ್ಟದ ಬುಡಕ್ಕೆ ಅಂಟಿಕೊಂಡ ಓಣಿ ನಮ್ಮದು. ಅಲ್ಲಿ ಮನೆ ಕಟ್ಟಿದವರಲ್ಲಿ ಹೆಚ್ಚಿನವರು ಬ್ಯಾಂಕಿಗೋ ಬಡ್ಡಿಯವರಿಗೋ ಬಾಕಿ ಇದ್ದವರು. ನಾವು ಮಾತ್ರ ಕೈಯಲ್ಲಿ ದುಡ್ಡಿದ್ದಾಗ ಇಟ್ಟಿಗೆ ಇಳಿಸಿ, ಇಲ್ಲದಾಗ ಕೆಲಸ ನಿಲ್ಲಿಸಿ, ಮತ್ತೆ ಬಂದಾಗ ಎರಡು ಸಾಲು ಏರಿಸಿ ಕಟ್ಟಿದೆವು.

ನಾನು ಮಡಕಶಿರದ ಕಡೆಯ ಹಳ್ಳಿಯವಳು. ತವರಿನಲ್ಲಿ ಕಡಲೆಕಾಯಿ, ರಾಗಿ, ಸ್ವಲ್ಪ ಹಿಪ್ಪುನೇರಳೆ. ಮನೆಯ ಅರ್ಧ ಭಾಗ ರೇಷ್ಮೆ ಹುಳುಗಳದ್ದು, ಉಳಿದರ್ಧದಲ್ಲಿ ನಾವು. ಮದುವೆಯಾಗಿ ಬಂದ ಹೊಸತರಲ್ಲಿ ನನ್ನ "ಯಾಕೆ" ಕೇಳಿ ಅತ್ತೆ ನಗುತ್ತಿದ್ದರು, ಅವರ "ಯಾಕ" ಕೇಳಿ ನಾನು. ವರ್ಷ ತುಂಬುವ ಮೊದಲೇ ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೆ ಹೋದೆವು. ಗಾರ್ಮೆಂಟ್ಸಿನಲ್ಲಿ ನಾನು ಕಾಲರ್ ಹೊಲಿಯುವ ಲೈನಿನಲ್ಲಿದ್ದೆ, ಅವರು ಇಸ್ತ್ರಿ ಮಾಡುವ ಕಡೆ. ಇದ್ದದ್ದು ತಗಡಿನ ಸೂರಿನ ಒಂದೇ ಕೋಣೆ. ನೀರು ಬಿಡುವ ದಿನ ಬಿಂದಿಗೆ ತುಂಬಿಸಿ ಹೋಗುವಷ್ಟರಲ್ಲಿ ತಡವಾಗಿ ಸೂಪರ್‌ವೈಸರ್ ಬೈಯುತ್ತಿದ್ದ. ಗೋಡೆಗೆ ಒಂದು ಮೊಳೆ ಹೊಡೆಯಲೂ ಆ ಮನೆಯ ಓನರ್ ಬಿಡುತ್ತಿರಲಿಲ್ಲ. ಕ್ಯಾಲೆಂಡರನ್ನು ಅಕ್ಕಿ ಡಬ್ಬದ ಮೇಲೆ ಒರಗಿಸಿ ಇಟ್ಟುಕೊಂಡಿದ್ದೆವು.

ರಾಯದುರ್ಗದಲ್ಲಿ ಜೀನ್ಸ್ ಕೆಲಸ ಹೆಚ್ಚಿದೆ, ಮನೆಯಲ್ಲೇ ಕೂತು ಹೊಲಿಯಬಹುದು ಎಂದು ಅತ್ತೆ ಫೋನಿನಲ್ಲಿ ಹೇಳಿದಾಗ ಇಬ್ಬರೂ ಪಿ.ಎಫ್. ಬಿಡಿಸಿಕೊಂಡು ವಾಪಸಾದೆವು. ಆ ದುಡ್ಡೇ ಪಾಯವಾಯಿತು. ಗೋಡೆ ಎದ್ದದ್ದು ಆಮೇಲಿನ ಹೊಲಿಗೆಯಿಂದ. ಮುಂದೆ ಒಂದು ಕೋಣೆ, ನಡುವೆ ಅಡುಗೆಮನೆ, ಹಿಂದೆ ಬೆಟ್ಟದ ಕಡೆಗೆ ಮಷಿನ್ ಕೋಣೆ. ಕಾರ್ಖಾನೆಯವರು ಕತ್ತರಿಸಿ ಕೊಟ್ಟ ಬಟ್ಟೆಯ ಗಂಟನ್ನು ಗಂಡ ಸ್ಕೂಟರಿನಲ್ಲಿ ತರುತ್ತಿದ್ದರು. ನಾವಿಬ್ಬರೂ ಹೊಲಿಯುತ್ತಿದ್ದೆವು. ಅತ್ತೆ ಮುಂದಿನ ಬಾಗಿಲಲ್ಲಿ ಕೂತು ಉಳಿದ ದಾರ ಕತ್ತರಿಸುತ್ತಿದ್ದರು. ನಮ್ಮ ಬೆರಳುಗಳು ಸದಾ ನೀಲಿಯಾಗಿರುತ್ತಿದ್ದವು, ಅನ್ನ ಕಲಸುವಾಗಲೂ.

ಪಕ್ಕದ ಮನೆಯವರು ಬಸ್ಸಿನ ಡ್ರೈವರ್. ನಮಗಿಂತ ಚೆನ್ನಾಗಿ, ಬ್ಯಾಂಕ್ ಸಾಲದಲ್ಲಿ ಕಟ್ಟಿಸಿದ್ದರು. ಸಾಲ ಕೊಡುವಾಗ ಬ್ಯಾಂಕಿನವರು ಮನೆಗೂ ವಿಮೆ ಮಾಡಿಸಿದ್ದಾರೆಂದು ಒಂದು ದಿನ ಕಟ್ಟೆಯ ಮೇಲೆ ಕೂತು ಗೊಣಗಿದ್ದರು.

"ಮನಿಗೂ ಇನ್ಶೂರೆನ್ಸ್ ಅಂತ್ರಿ! ಮನಿ ಏನು ಬಸ್ಸೇನ್ರಿ, ಹೋಗಿ ಯಾರಿಗಾರ ಗುದ್ದಾಕ?"

ಎಲ್ಲರೂ ನಕ್ಕಿದ್ದೆವು. ನಮ್ಮ ಸ್ಕೂಟರಿಗೆ ವಿಮೆ ಇತ್ತು, ಪೊಲೀಸರು ಹಿಡಿಯುತ್ತಾರೆಂದು. ನನ್ನ ತವರಿನ ಹಸುವಿಗೂ ಇತ್ತು, ಬ್ಯಾಂಕಿನ ಹಸುವಾದ್ದರಿಂದ ಕಿವಿಗೆ ಬಿಲ್ಲೆ ಹೊಡೆದಿದ್ದರು. ಕೇಳುವವರು ಯಾರಾದರೂ ಇದ್ದರೆ ವಿಮೆ, ಇಲ್ಲದಿದ್ದರೆ ಇಲ್ಲ. ನಮ್ಮ ಓಣಿಯ ತಿಳಿವಳಿಕೆ ಅಷ್ಟೇ. ಸಾಲವಿಲ್ಲದ ಮನೆಯನ್ನು ಕೇಳಲು ಯಾರೂ ಬರಲಿಲ್ಲ.

ನಮ್ಮ ಕಡೆ ಮಳೆಯೆಂದರೆ ಬಂದು ಮುಖ ತೋರಿಸಿ ಹೋಗುವ ನೆಂಟ. ಆ ವರ್ಷ ಸಮುದ್ರದ ಕಡೆ ಏನೋ ಎದ್ದಿದೆ ಎಂದು ಟಿ.ವಿ.ಯಲ್ಲಿ ಹೇಳಿದ ಮೇಲೆ ಹಿಡಿದ ಜಡಿ ಬಿಡಲೇ ಇಲ್ಲ. ಬೆಟ್ಟದ ಸಂದುಗಳಿಂದ ನೀರು ಬೆಳ್ಳಗೆ ಇಳಿಯುತ್ತಿತ್ತು. ಮಕ್ಕಳು ಅದನ್ನು ನೋಡಲು ಓಡಾಡುತ್ತಿದ್ದರು. ಬಟ್ಟೆ ಒದ್ದೆಯಾಗದಂತೆ ಗಂಟುಗಳಿಗೆ ಪ್ಲಾಸ್ಟಿಕ್ ಹೊದಿಸಿ ಹೊಲಿಯುತ್ತಿದ್ದೆವು. ಒಂದು ದಿನ ಮಧ್ಯಾಹ್ನ ಮಳೆ ಬಿಟ್ಟು ಸ್ವಲ್ಪ ಬಿಸಿಲು ಬಂತು. ಮುಗಿದ ಮಾಲು ಕೊಟ್ಟುಬರೋಣವೆಂದು ನಾನೂ ಗಂಡನೂ ಸ್ಕೂಟರ್ ಹತ್ತಿದೆವು.

ಮಾಲು ಎಣಿಸಿ ಕೊಡುತ್ತಿದ್ದಾಗ ಬೆಟ್ಟದ ಕಡೆಯಿಂದ ಸದ್ದು ಕೇಳಿತು. ಎಲ್ಲೋ ಲಾರಿಯಿಂದ ಜಲ್ಲಿ ಸುರಿಯುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಜನ ಓಡತೊಡಗಿದರು. ನಮ್ಮ ಓಣಿಯ ಬಾಯಿಗೆ ಬರುವಷ್ಟರಲ್ಲಿ ಸ್ಕೂಟರ್ ಗೋಡೆಗೆ ತಾಗಿ ನಿಂತಿತು. ಅದನ್ನು ಅಲ್ಲೇ ಬಿಟ್ಟು ಓಡಿದೆವು.

ಅತ್ತೆ ಮುಂಬಾಗಿಲಲ್ಲೇ ಕೂತಿದ್ದರು. ತಲೆ, ಸೀರೆ ಎಲ್ಲಾ ಸುಣ್ಣದ ಪುಡಿ. ಕೈಯಲ್ಲಿ ಕತ್ತರಿ ಹಾಗೇ ಇತ್ತು, ಮಡಿಲಲ್ಲಿ ಒಂದು ಪ್ಯಾಂಟು.

"ನನಗೇನಾಗಿಲ್ಲವ್ವ," ಎಂದರು. "ಒಳಗ ಏನೋ ಬಂದೈತಿ, ನೋಡ್ರಿ."

ಒಳಗೆ ಹೋದೆ. ಅಡುಗೆಮನೆಯಲ್ಲಿ ಬಂಡೆ ಇತ್ತು. ಮಷಿನ್ ಕೋಣೆಯನ್ನು ಪೂರ್ತಿ ಕೆಡವಿ, ಅಡುಗೆಮನೆಯ ಗೋಡೆಯನ್ನು ನುಗ್ಗಿ, ಒಲೆಕಟ್ಟೆಯ ಮೇಲೆ ಒರಗಿ ನಿಂತಿತ್ತು. ನನಗಿಂತ ಎತ್ತರ. ಒಂದು ಮಗ್ಗುಲು ಒಣಗಿ ಬೆಳ್ಳಗೆ, ನೆಲದಲ್ಲಿ ಹುದುಗಿದ್ದ ಮಗ್ಗುಲು ಒದ್ದೆಯಾಗಿ ಕೆಂಪಗೆ. ಅದರ ಸೀಳಿನಲ್ಲಿ ಬೆಟ್ಟದ ಮೇಲೆ ಬೆಳೆದಿದ್ದ ಸೀತಾಫಲದ ಗಿಡ ಒಂದೆಲೆಯೂ ಉದುರದೆ ನಿಂತಿತ್ತು. ಸೂರಿಲ್ಲದ ನಮ್ಮ ಅಡುಗೆಮನೆಯಲ್ಲಿ ಅದರ ಮೇಲೆ ಬಿಸಿಲು ಬೀಳುತ್ತಿತ್ತು. ಎರಡು ಮಷಿನ್‌ಗಳೂ ಬಂಡೆಯ ಕೆಳಗಿದ್ದವು. ಒಂದರ ಪೆಡಲ್ ಮಾತ್ರ ಹೊರಗೆ ಕಾಣುತ್ತಿತ್ತು.

ಓಣಿಯ ಗಂಡಸರೆಲ್ಲ ಬಂದರು. ಯಾರೂ ಹೇಳದೆಯೇ ಎಲ್ಲರೂ ಬಂಡೆಗೆ ಕೈ ಕೊಟ್ಟು ಒಮ್ಮೆ ನೂಕಿದರು. ಅದು ಅಲ್ಲಾಡಲಿಲ್ಲ. ಕೈ ಒರೆಸಿಕೊಂಡು ಹಿಂದೆ ಸರಿದರು. ನನ್ನ ಗಂಡ ಮಾತ್ರ ಅವರೆಲ್ಲ ಬಿಟ್ಟ ಮೇಲೂ ನೂಕುತ್ತಲೇ ಇದ್ದರು. ಡ್ರೈವರ್ ಅಣ್ಣ ಅವರ ಹೆಗಲು ಹಿಡಿದು ಹೊರಗೆ ಕರೆತಂದರು. ಆ ಅಣ್ಣನ ಮನೆಗೂ ಪೆಟ್ಟಾಗಿತ್ತು. ಹಿಂದಿನ ಗೋಡೆ ಒಡೆದು ಬಚ್ಚಲುಮನೆ ಬಿದ್ದಿತ್ತು.

ಕಂದಾಯದವರು ಬಂದು ನೋಡಿ ಬರೆದುಕೊಂಡರು. ಮನೆಯ ಮುಂಭಾಗ ನಿಂತಿದೆಯಾದ್ದರಿಂದ ಸ್ವಲ್ಪ ಹಾನಿ ಎಂದೇ ಬರೆಯಬೇಕಂತೆ. ಜೀವ ಹೋಗಿಲ್ಲವಲ್ಲ, ಅದೇ ಪುಣ್ಯ ಎಂದರು. ಸ್ವಲ್ಪ ಸಹಾಯ ಬಂತು, ಕಸ ಸಾಗಿಸಲು ಆಯಿತು. ಬಂಡೆಯನ್ನು ಯಾರು ತೆಗೆಯಬೇಕು ಎಂದು ಗಂಡ ಕೇಳಿದರು. ಪುರಸಭೆಯವರು ಬೆಟ್ಟದ ಇಲಾಖೆಯವರನ್ನು ಕೇಳಿ ಎಂದರು. ಬೆಟ್ಟ ನೋಡಿಕೊಳ್ಳುವವರು, ಕೆಳಗೆ ಬಂದ ಮೇಲೆ ಅದು ನಿಮ್ಮ ಜಾಗದ್ದು ಎಂದರು.

ಹೀಗಿರುವಾಗ ಅನಂತಪುರದಿಂದ ಒಬ್ಬರು ಬಂದರು. ಡ್ರೈವರ್ ಅಣ್ಣನ ಮನೆಯ ವಿಮೆಗೆ ಹಾನಿ ಅಳೆಯುವ ಸರ್ವೇಯರ್. ಅಣ್ಣನಿಗೇ ವಿಮೆ ಮರೆತುಹೋಗಿತ್ತು, ಬ್ಯಾಂಕಿನವರೇ ನೆನಪು ಮಾಡಿದ್ದರು. ಆ ಮನೆಯ ಹಿಂಗೋಡೆ ಸರಿಯಾಗಿ ಕಾಣಬೇಕೆಂದರೆ ನಮ್ಮ ಮನೆಯೊಳಗಿಂದಲೇ ಹೋಗಬೇಕಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದರು. ಅತ್ತೆ ನೀರು ಕೊಟ್ಟರು. ಫೋಟೋ ತೆಗೆದ ಮೇಲೆ ಟೇಪು ಬಿಚ್ಚಿ ಹಿಡಿಯಲು ಯಾರಾದರೂ ಬೇಕು ಎಂದು ಆಚೀಚೆ ನೋಡಿದರು. ಅತ್ತೆಯೇ ಟೇಪಿನ ತುದಿ ಹಿಡಿದು ಪಕ್ಕದ ಮನೆಯ ಗೋಡೆಯ ಮೂಲೆಗೆ ಒತ್ತಿ ನಿಂತರು. ಅಳೆದು ಬರೆದುಕೊಂಡದ್ದಾಯಿತು. ಅವರು ಟೇಪು ಸುತ್ತಲು ಹೊರಟರೆ ಅತ್ತೆ ತುದಿ ಬಿಡಲಿಲ್ಲ.

"ಈಗ ನಮ್ದು ಅಳೀರಿ," ಎಂದರು.

"ಮೀದಿ ಲೇದಮ್ಮಾ," ಎಂದರು ಅವರು. ನಿಮ್ಮದು ಇಲ್ಲಮ್ಮಾ.

"ಯಾಕಿಲ್ರಿ? ಅವರ ಗ್ವಾಡಿ ಬಿದ್ದದ್ದೂ ಇದಾ ಬಂಡಿಯಿಂದ, ನಮ್ದೂ ಇದಾ ಬಂಡಿಯಿಂದ. ಎಲ್ಡು ಬಂಡಿ ಬಂದಾವೇನ್ರಿ?"

ಅವರು ನನ್ನತ್ತ ನೋಡಿದರು. ಅತ್ತೆ ಅಷ್ಟರಲ್ಲಿ ಹೋಗಿ ನಮ್ಮ ಮುರಿದ ಗೋಡೆಯ ಮೂಲೆಗೆ ಟೇಪಿನ ತುದಿ ಒತ್ತಿ ಹಿಡಿದಿದ್ದರು. ಸರ್ವೇಯರ್ ಟೇಪು ಎಳೆದು, ಉದ್ದ ನೋಡಿದರು. ಅಗಲವನ್ನೂ ಅಳೆದರು. ಬಂಡೆಗೆ ಸುತ್ತು ಹಾಕಿ ಅದನ್ನೂ ಅಳೆದರು. ಏನನ್ನೂ ಬರೆದುಕೊಳ್ಳಲಿಲ್ಲ. ಅತ್ತೆಗೆ ಸಮಾಧಾನವಾಯಿತು. ಚಹಾ ಮಾಡಿ ತರುತ್ತೇನೆಂದು ಪಕ್ಕದ ಮನೆಗೆ ಹೋದರು, ನಮ್ಮಲ್ಲಿ ಒಲೆ ಇರಲಿಲ್ಲವಲ್ಲ.

"ಈಗ ಮಾಡ್ಸಿದ್ರೆ ಬರ್ತದಾ ಸಾರ್?" ಎಂದು ನಾನು ಕೇಳಿದೆ.

"ಬಿದ್ದದ್ದಕ್ಕೆ ಬರೋದಿಲ್ಲಮ್ಮ. ಇನ್ಮುಂದೆ ಬೀಳೋದಕ್ಕೆ ಮಾತ್ರ." ಅವರ ಕನ್ನಡ ತೆಲುಗಿನ ಮೇಲೆ ನಡೆದು ಬರುತ್ತಿತ್ತು. ಬೆಂಕಿ, ಪ್ರವಾಹ, ಬಿರುಗಾಳಿ, ಹೀಗೆ ಬೆಟ್ಟ ಕುಸಿಯುವುದು, ಎಲ್ಲಕ್ಕೂ ಮನೆಯ ವಿಮೆಯಲ್ಲಿ ಪರಿಹಾರ ಇರುತ್ತದೆ, ಸಾಲ ಇದ್ದವರೇ ಮಾಡಿಸಬೇಕೆಂದೇನಿಲ್ಲ ಎಂದರು. ಮನೆಯಲ್ಲಿ ಹೊಲಿಗೆ ಕೆಲಸ ನಡೆಯುತ್ತದೆ ಎಂದು ಮೊದಲೇ ತಿಳಿಸಿದ್ದರೆ ಮಷಿನ್‌ಗಳನ್ನೂ ಸೇರಿಸುವ ದಾರಿ ಇರುತ್ತಿತ್ತಂತೆ. "ಇಂಥ ಮನೆಗೆ ವರ್ಷಕ್ಕೆ ಕಟ್ಟೋದು ನಿಮ್ಮ ಸ್ಕೂಟರಿಗೆ ಕಟ್ಟೋದಕ್ಕಿಂತ ಹೆಚ್ಚೇನಿರಲ್ಲಮ್ಮ."

ಕೇಳುತ್ತಿದ್ದ ಗಂಡ ಎದ್ದು ಹೊರಗೆ ಹೋದರು. ಚಹಾ ಬರುವವರೆಗೆ ಸರ್ವೇಯರ್ ಟೇಪನ್ನು ಒರೆಸಿ ಸುತ್ತುತ್ತಾ ಕೂತಿದ್ದರು. ತಪ್ಪು ಅವರದ್ದಲ್ಲ. ಯಾರದ್ದೂ ಅಲ್ಲ. ಬೈಯಲು ಒಬ್ಬರು ಸಿಕ್ಕಿದ್ದರೆ ಎದೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಡ್ರೈವರ್ ಅಣ್ಣನಿಗೆ ವಿಮೆಯ ದುಡ್ಡು ಬಂತು. ಓಡಾಡಿಸಿದರು, ಕೇಳಿದ್ದಕ್ಕಿಂತ ಕಡಿಮೆ ಕೊಟ್ಟರು, ಆದರೂ ಬಂತು. ಅವರ ಹಿಂಗೋಡೆ ಎದ್ದಿತು. ಗಾರೆಯವರು ಕೆಲಸ ಮಾಡುವಷ್ಟು ದಿನವೂ ಅಣ್ಣ ನಮ್ಮ ಮನೆಯ ಮುಂದೆ ಹಾಯುವಾಗ ಮುಖ ಎತ್ತಲಿಲ್ಲ. ಒಂದು ಸಂಜೆ ಬಂದು ಬಾಗಿಲಲ್ಲಿ ನಿಂತರು.

"ತಂಗಿ, ನಾ ಏನ್ ಮಾಡ್ಲಿ ಹೇಳು," ಎಂದರು. ಅವರ ಕಣ್ಣಲ್ಲಿ ನೀರಿತ್ತು.

"ನೀವೇನು ಮಾಡ್ತೀರಣ್ಣ," ಎಂದೆ.

ಬಂಡೆ ಒಡೆಯಲು ಡಿ. ಹಿರೇಹಾಳ್ ಕಡೆಯಿಂದ ಜನ ಕರೆಸಿದೆವು. ಸುತ್ತ ಮನೆಗಳಿರುವುದರಿಂದ ಸಿಡಿಮದ್ದು ಇಡುವಂತಿರಲಿಲ್ಲ. ಸಾಲಾಗಿ ತೂತು ಕೊರೆದು, ಕಬ್ಬಿಣದ ಬೆಣೆ ಇಟ್ಟು ಸುತ್ತಿಗೆಯಿಂದ ಹೊಡೆದರು. ಒಂದೊಂದು ಪೆಟ್ಟಿಗೂ ಉಳಿದ ಗೋಡೆಗಳು ನಡುಗುತ್ತಿದ್ದವು. ಸೀತಾಫಲದ ಗಿಡ ಮೊದಲ ದಿನವೇ ಹೋಯಿತು. ಬಂಡೆ ಅರ್ಧಕ್ಕೆ ಬರುವಷ್ಟರಲ್ಲಿ ಮುಂದಿನ ಕೋಣೆಯ ಗೋಡೆಯಲ್ಲಿ ಕಿಟಕಿಯಿಂದ ನೆಲದವರೆಗೆ ಬಿರುಕು ಬಿಟ್ಟಿತು.

"ಇನ್ನ ಹೊಡದ್ರ ಇದೂ ಕೂರತೈತ್ರಿ," ಎಂದ ಮೇಸ್ತ್ರಿ. ನಿಲ್ಲಿಸಿದೆವು.

ಅರ್ಧ ಬಂಡೆ ಇಂದಿಗೂ ಅಲ್ಲೇ ಇದೆ. ಅದಕ್ಕೆ ಮರೆಯಾಗಿ ತಗಡು ಹೊಡೆದಿದ್ದೇವೆ. ಅಡುಗೆ ಜಗಲಿಯ ಮೇಲೆ. ಗಂಡ ಬಳ್ಳಾರಿಯ ಜೀನ್ಸ್ ಕಾರ್ಖಾನೆಯಲ್ಲಿ ಕೂಲಿಗೆ ಹೊಲಿಯುತ್ತಾರೆ, ವಾರಕ್ಕೊಮ್ಮೆ ಬರುತ್ತಾರೆ. ಬಂದಾಗ ಮನೆಯ ಹಿಂಭಾಗಕ್ಕೆ ಹೋಗುವುದಿಲ್ಲ. ನಾನು ಊರಿನಲ್ಲೇ ಬೇರೆಯವರ ಮಷಿನ್ ಮೇಲೆ ಕೂರುತ್ತೇನೆ. ಉಳಿದ ಕೋಣೆಗಾದರೂ ವಿಮೆ ಮಾಡಿಸೋಣವೆಂದು ಕಚೇರಿಗೆ ಹೋಗಿದ್ದೆ. ಮನೆಯ ಫೋಟೋ ನೋಡಿ, ಬಿರುಕು ನೋಡಿ, ರಿಪೇರಿ ಮಾಡಿಸಿಕೊಂಡು ಬನ್ನಿ ಎಂದರು. ರಿಪೇರಿಗೆ ದುಡ್ಡು ಕೂಡಿಸುವುದು ಇನ್ನೂ ಮುಗಿದಿಲ್ಲ.

ಕಳೆದ ಬೇಸಿಗೆಯಲ್ಲಿ ಮಡಕಶಿರಕ್ಕೆ ಹೋದೆ. ತಮ್ಮ ಹೊಸ ಮನೆ ಕಟ್ಟಿಸುತ್ತಿದ್ದ. ಹುಳು ಸಾಕಲು ಬೇರೆಯೇ ಕೋಣೆ. ಅದೂ ಸಾಲವಿಲ್ಲದ ಮನೆ, ರೇಷ್ಮೆಗೂಡಿನ ದುಡ್ಡಿನಲ್ಲಿ. ತೋರಿಸುತ್ತಾ ಅವನ ಮುಖ ಅರಳಿತ್ತು. ನಾನು ಊಟವಾದ ಮೇಲೆ ಮೆಲ್ಲಗೆ ವಿಮೆಯ ಮಾತೆತ್ತಿದೆ.

"ನಮ್ಮೂರಾಗೆ ಬೆಟ್ಟ ಎಲ್ಲೈತಕ್ಕ, ಬಂಡೆ ಬೀಳಾಕೆ?" ಎಂದ.

"ಬಂಡೇನೇ ಬೀಳ್ಬೇಕು ಅಂತಿಲ್ಲ ಕಣೋ. ಚಳೀಲಿ ಹುಳಕ್ಕೆ ಹೀಟರ್ ಇಕ್ತೀಯ, ವೈರು ಸುಟ್ರೆ? ಗಾಳಿಗೆ ಶೀಟು ಹಾರೋದ್ರೆ?"

ಅವನ ಹೆಂಡತಿ ಥಟ್ಟನೆ ತಲೆ ಎತ್ತಿ ನೋಡಿದಳು. ಗೃಹಪ್ರವೇಶವೂ ಆಗದ ಮನೆಯ ಮುಂದೆ ಕೂತು ಇಂಥ ಮಾತು ಆಡಬಾರದು, ನನಗೂ ಗೊತ್ತು. ಆದರೆ ಯಾವಾಗ ಆಡಬೇಕು?

"ಒಳ್ಳೆ ಮಾತಾಡಕ್ಕ," ಎಂದ ತಮ್ಮ, ನನ್ನನ್ನು ನೋಯಿಸದ ದನಿಯಲ್ಲಿ. "ನಿಂಗೆ ಹಂಗಾತು ಅಂತ ಎಲ್ರಿಗೂ ಆಯ್ತದಾ? ನೋಡಾನ ಬಿಡು, ಆಮೇಕೆ."

ಸಾಲ ಕೊಟ್ಟ ಬ್ಯಾಂಕು ಹೇಳಿದ್ದರೆ ಮರುಮಾತಾಡದೆ ಸಹಿ ಹಾಕುತ್ತಿದ್ದ. ಅಕ್ಕ ಹೇಳಿದರೆ ಅಪಶಕುನ. ಅವನು ಪೈಪು ಎಳೆದು ತಂದು, ಮೋಟಾರ್ ಹಾಕುತ್ತೇನೆ, ಗೋಡೆಗೆ ನೀರು ಹಿಡಿ ಎಂದು ನನ್ನ ಕೈಗೆ ಕೊಟ್ಟ. ನೀರು ಬಂತು. ಹಸಿ ಸಿಮೆಂಟಿನ ಮೇಲೆ ಎಲ್ಲೂ ಒಣ ಜಾಗ ಉಳಿಯದಂತೆ ಮೇಲಿನಿಂದ ಕೆಳಗೆ ನೀರು ಹಿಡಿಯುತ್ತಾ ನಿಂತೆ.